ಆನಂದತೀರ್ಥನ ಶನಿವಾರದ ಸ್ನಾನ

ಮನುಷ್ಯನ ದೇಹದೊಳಗೆ ಏನೇನಿದೆ ಎಂಬ ಕುತೂಹಲ ಆನಂದತೀರ್ಥನಿಗೆ ಮೂವತ್ತೊಂಬತ್ತು ವರ್ಷ ಒಮ್ಮೆಯೂ ಬಂದಿರಲಿಲ್ಲ. ತನ್ನ ದೇಹವನ್ನು ಮೈಸೂರಿನಿಂದ ಕ್ಯುಪರ್ಟಿನೋವರೆಗೆ ಜೋಪಾನವಾಗಿ ಹೊತ್ತು ತಂದಿದ್ದ, ಅಷ್ಟೆ. ಒಳಗಿನ ಅಂಗಾಂಗಗಳು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದವು. ಅವನು ತನ್ನ ಪಾಡಿಗೆ ಕಂಪ್ಯೂಟರಿನ ಡಿಸ್ಕ್ ಡ್ರೈವ್ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡಿಕೊಂಡಿದ್ದ. ಒಬ್ಬರ ವ್ಯವಹಾರದಲ್ಲಿ ಇನ್ನೊಬ್ಬರು ತಲೆ ಹಾಕುತ್ತಿರಲಿಲ್ಲ.

ಈ ಶಾಂತಿ ಕೆಟ್ಟಿದ್ದು ೧೯೮೬ರ ಸಂಕ್ರಾಂತಿಯಲ್ಲಿ. ಸುತ್ತಮುತ್ತಲಿನ ಕನ್ನಡದವರೆಲ್ಲ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಎಳ್ಳು ಬೀರುತ್ತಿದ್ದರು. ಪ್ಲೆಸೆಂಟನ್ನಿನ ಹೃದಯದ ಡಾಕ್ಟರು ದ್ವಾರಕಾನಾಥರು, ಯಾರ ಸಂಕಟವನ್ನೇ ಆಗಲಿ ನಾಲ್ಕು ಜನರ ಮಧ್ಯೆಯೇ ವಿಚಾರಿಸಬೇಕೆಂಬ ನಿಯಮ ಇಟ್ಟುಕೊಂಡವರು, ದೂರದಿಂದಲೇ ಕೂಗಿ ಕೇಳಿದರು.

"ಏನಯ್ಯಾ ಆನಂದತೀರ್ಥ, ನಿಮ್ಮ ಕಂಪ್ಯೂಟರ್ ಲೈನಿನಲ್ಲಿ ಎಲ್ಲರನ್ನೂ ಮನೆಗೆ ಕಳಿಸ್ತಾ ಇದ್ದಾರಂತೆ? ನೀನು ಹುಷಾರಾಗಿದ್ದೀಯಾ?"

ಹುಷಾರಾಗಿದ್ದೇನೆ ಎಂದಿದ್ದರೆ ಸಾಕಾಗಿತ್ತು. ಆದರೆ ಪಕ್ಕದಲ್ಲಿ ಹೆಂಡತಿ ನಿರುಪಮಾ ನಿಂತಿದ್ದಳು. ಹೆಂಡತಿಯ ಪಕ್ಕದಲ್ಲಿ, ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಅತ್ತೆ ಅಂಬವ್ವ ನಿಂತಿದ್ದರು.

"ನನಗೇನು ಡಾಕ್ಟ್ರೇ, ನನ್ನನ್ನ ಮ್ಯಾನೇಜರ್ ಮಾಡೋ ಮಾತು ನಡೀತಾ ಇದೆ," ಎಂದುಬಿಟ್ಟ.

ಮಾತು ನಡೆಯುತ್ತಿದ್ದುದು ನಿಜ. ಆ ಮಾತನ್ನು ಆಡಿದವನು ಅವನೊಬ್ಬನೇ, ಆಡಿದ್ದೂ ಆಗಲೇ ಮೊದಲ ಸಲ.

ಮುಂದಿನ ವಾರ ಆಫೀಸಿನಲ್ಲಿ ಅವನ ಮೇಲಧಿಕಾರಿ ಫ್ರ್ಯಾಂಕು ಕರೆದು ಕೂರಿಸಿದ. ಅವರ ವಿಭಾಗ ಜೂನ್ ಹೊತ್ತಿಗೆ ಮುಚ್ಚುತ್ತದೆ. ಆದರೆ ಆಸ್ಪತ್ರೆಗಳಿಗೆ ರೋಗಿಯ ಎದೆಬಡಿತ ತೋರಿಸುವ ಯಂತ್ರ ಮಾಡಲು ಹೊಸ ವಿಭಾಗ ಶುರುವಾಗಿದೆ, ಅಲ್ಲಿ ಇವನಿಗೊಂದು ಜಾಗ ಇದೆ. ಒಂದೇ ಷರತ್ತು. ಆ ವಿಭಾಗದ ಎಂಜಿನಿಯರುಗಳೆಲ್ಲ ಮನುಷ್ಯನ ಶರೀರರಚನೆಯ ಮೊದಲ ಪಾಠವನ್ನು ಯಾವುದಾದರೂ ಕಾಲೇಜಿನಲ್ಲಿ ಮುಗಿಸಿರಬೇಕು, ಕಡಿಮೆಯೆಂದರೆ 'ಸಿ' ಗ್ರೇಡಾದರೂ ಬಂದಿರಬೇಕು.

"ಬರದಿದ್ದರೆ?" ಎಂದು ಆನಂದತೀರ್ಥ ಕೇಳಿದ.

ಫ್ರ್ಯಾಂಕು ಕಿಟಕಿಯ ಆಚೆ ನೋಡಿದ. ಆಚೆ ಪಾರ್ಕಿಂಗ್ ಲಾಟಿನಲ್ಲಿ ಆಗಲೇ ಅರ್ಧ ಜಾಗ ಖಾಲಿಯಿತ್ತು.

ಆನಂದತೀರ್ಥ ಆಗ ಮಾರ್ಗನ್ ಹಿಲ್‌ನಲ್ಲಿ ಕಟ್ಟುತ್ತಿದ್ದ ಮನೆಯೊಂದಕ್ಕೆ ಮುಂಗಡ ಕೊಟ್ಟಾಗಿತ್ತು. ಕೀಲಿ ಕೊಡುವ ಮುನ್ನ ಸಾಲ ಕೊಡುವ ಬ್ಯಾಂಕಿನವರು ಆಫೀಸಿಗೆ ಫೋನು ಮಾಡಿ, ಈ ಮನುಷ್ಯ ಇನ್ನೂ ನಿಮ್ಮಲ್ಲೇ ಇದ್ದಾನೆಯೇ ಎಂದು ಕೇಳುವುದು ಕ್ರಮ. ಜೂನಿನಲ್ಲಿ ಗೃಹಪ್ರವೇಶ, ಆಮೇಲೆ ಆಷಾಢ ಬರುತ್ತದೆ, ಅಂಬವ್ವನವರ ವೀಸಾ ಮುಗಿಯುತ್ತದೆ. ಹೀಗೆ ನೌಕರಿ, ಮನೆ, ಮಾನ ಮೂರೂ ಒಂದು ಕಾಲೇಜಿನ ಪಾಠಕ್ಕೆ ಬಂದು ನೇತುಬಿದ್ದವು.

ಮನೆಯಲ್ಲಿ ಹೇಳಬಹುದಾಗಿತ್ತು. ಆದರೆ ಅಳಿಯಂದಿರು ಮ್ಯಾನೇಜರ್ ಆಗುವವರಿದ್ದಾರೆಂದು ಅಂಬವ್ವ ಧಾರವಾಡಕ್ಕೆ ಆಗಲೇ ಬರೆದು ಹಾಕಿದ್ದರು. "ಶನಿವಾರ ಶನಿವಾರ ಮ್ಯಾನೇಜರುಗಳಿಗೆ ಮೀಟಿಂಗು ಇರುತ್ತೆ," ಎಂದು ನಿರುಪಮಾಗೆ ಹೇಳಿ, ಆನಂದತೀರ್ಥ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರಿಕೊಂಡ.

ಮೊದಲ ಕೆಲವು ವಾರ ಮೂಳೆಗಳು. ಪ್ಲಾಸ್ಟಿಕ್ಕಿನ ಅಸ್ಥಿಪಂಜರವೊಂದು ಮೂಲೆಯಲ್ಲಿ ನಗುತ್ತ ನಿಂತಿರುತ್ತಿತ್ತು, ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಮಾರ್ಚಿನ ಒಂದು ಶನಿವಾರ ಲ್ಯಾಬಿಗೆ ಹೋದರೆ ಪ್ರತಿ ಮೇಜಿನ ಮೇಲೂ ಒಂದೊಂದು ಪ್ಲಾಸ್ಟಿಕ್ ಚೀಲ. ಕಣ್ಣಿಗೆ ಚುಚ್ಚುವ ಔಷಧಿಯ ವಾಸನೆ. ಅವನ ಜೊತೆಗಾರ್ತಿ ಬ್ರೆಂಡಾ, ನರ್ಸ್ ಆಗಬೇಕೆಂದಿದ್ದ ಗಟ್ಟಿಗಿತ್ತಿ, ಚೀಲದ ಬಾಯಿ ಬಿಚ್ಚಿ ಒಳಗಿದ್ದುದನ್ನು ತಟ್ಟೆಗೆ ಹಾಕಿದಳು.

ಬೆಕ್ಕು.

ಪಾಠ ಹೇಳುವ, ಇವನ ಹೆಸರನ್ನು ಆ್ಯಂಡಿ ಎಂದು ಮೊಟಕು ಮಾಡಿದ್ದ ಮಿಸೆಸ್ ಲಿಂಡ್‌ಕ್ವಿಸ್ಟ್ ಹತ್ತಿರ ಹೋಗಿ ಆನಂದತೀರ್ಥ ಮೆಲ್ಲಗೆ ಕೇಳಿದ.

"ಇದು ಮನುಷ್ಯನ ದೇಹದ ಪಾಠ ಅಲ್ಲವೇ?"

"ಹೌದು ಆ್ಯಂಡಿ. ಆದರೆ ಮನುಷ್ಯರು ಇಷ್ಟು ಸುಲಭವಾಗಿ ಸಿಗೋದಿಲ್ಲ. ಒಳಗೆಲ್ಲ ಹೆಚ್ಚು ಕಡಿಮೆ ಹೀಗೇ ಇರುತ್ತೆ. ಬಾಲ ಒಂದು ಬಿಟ್ಟುಬಿಡು."

"ನಾನು ಬರೀ ನೋಡಿದರೆ ಆಗುತ್ತದೆಯೇ?"

"ಕೊನೆ ಪರೀಕ್ಷೆಯಲ್ಲಿ ಬೆಕ್ಕೂ ಬರೀ ನಿನ್ನನ್ನು ನೋಡುತ್ತೆ," ಎಂದಳು ಮಿಸೆಸ್ ಲಿಂಡ್‌ಕ್ವಿಸ್ಟ್.

ಕೈಗೆ ಎರಡೆರಡು ಜೊತೆ ಗ್ಲೌಸು ಹಾಕಿಕೊಂಡು, ಬಾಯಲ್ಲಿ ರಾಯರನ್ನು ನೆನೆಯುತ್ತ ಆನಂದತೀರ್ಥ ಚರ್ಮ ಬಿಡಿಸಿದ.

ತಾನು ಮಡಿ ಮೈಲಿಗೆಗಳನ್ನು ದಾಟಿ ಬಂದ ಆಧುನಿಕ ಎಂದೇ ಅವನು ಆವರೆಗೂ ನಂಬಿದ್ದ. ಆದರೆ ಕಾರನ್ನು ಮನೆಯ ಮುಂದೆ ನಿಲ್ಲಿಸಿದಾಗ ಒಳಗಿಂದ ಅಂಬವ್ವನವರ ಒಗ್ಗರಣೆಯ ಸದ್ದು ಕೇಳಿತು. ಅಂಬವ್ವ ಅಮೆರಿಕದಲ್ಲೂ ಮಡಿ ಬಿಟ್ಟವರಲ್ಲ. ಮನೆ ತುಂಬ ಕಾರ್ಪೆಟ್ ಹಾಸಿದ್ದನ್ನು ಕಂಡು ಮೊದಲ ದಿನ ಅವರು ಗಾಬರಿಯಾದದ್ದುಂಟು. ಆಮೇಲೆ, ಇದು ಉಣ್ಣೆ, ಉಣ್ಣೆಗೆ ಮೈಲಿಗೆಯಿಲ್ಲ ಎಂದು ತಾವೇ ತೀರ್ಮಾನಿಸಿ ನೆಮ್ಮದಿಯಾಗಿದ್ದರು. ಅದು ನೈಲಾನು ಎಂದು ಆನಂದತೀರ್ಥನಿಗೆ ಗೊತ್ತಿತ್ತು. ಹೇಳಿರಲಿಲ್ಲ. ಈಗ ಸತ್ತ ಬೆಕ್ಕನ್ನು ಮುಟ್ಟಿದ ಕೈಯಲ್ಲಿ, ಆ ಅಡುಗೆಮನೆಯನ್ನು ದಾಟಿ, ಬಚ್ಚಲಿಗೆ ಹೇಗೆ ಹೋಗುವುದು? ನಂಬಿಕೆಯ ಪ್ರಶ್ನೆ ಅಲ್ಲ, ಧೈರ್ಯದ ಪ್ರಶ್ನೆ. ಕಾಲುಗಳು ತಾವಾಗಿಯೇ ಪಕ್ಕದ ಗೇಟಿನಿಂದ ಹಿತ್ತಲಿಗೆ ನಡೆದವು. ಗಿಡಕ್ಕೆ ನೀರು ಹಾಕುವ ಪೈಪನ್ನು ತಲೆಯ ಮೇಲೆ ಹಿಡಿದುಕೊಂಡು, ಪ್ಯಾಂಟು, ಶರ್ಟು, ಟೈ ಸಮೇತ ನಿಂತುಬಿಟ್ಟ.

ಆ ಹಿತ್ತಲು ಅಡುಗೆಮನೆಯ ಕಿಟಕಿಗೆ ನೇರ ಎದುರಿಗಿತ್ತು.

"ನೀರೂ, ಇಲ್ಲಿ ಬಾರವಾ," ಎಂದರು ಅಂಬವ್ವ. "ನಿನ್ನ ಗಂಡ ಹಿತ್ತಲದಾಗ ಸ್ನಾನಾ ಮಾಡ್ಲಿಕ್ಕೆ ಹತ್ಯಾರ."

"ಗಿಡಕ್ಕ ನೀರು ಹಾಕ್ತಿರಬೇಕವ್ವಾ."

"ಗಿಡಕ್ಕಲ್ಲ, ತಲಿಗೆ. ಉಟ್ಟ ಬಟ್ಟಿ ಮ್ಯಾಲೆ."

ಇಬ್ಬರೂ ನೋಡಿದರು. ಆನಂದತೀರ್ಥ ಜನಿವಾರವನ್ನು ಶರ್ಟಿನ ಒಳಗಿಂದ ಎಳೆದು ಹಿಂಡುತ್ತಿದ್ದ. ಧಾರವಾಡದಲ್ಲಿ ಹುಟ್ಟಿ ಬೆಳೆದ ಹೆಂಗಸು ಈ ದೃಶ್ಯಕ್ಕೆ ಒಂದೇ ಒಂದು ಅರ್ಥ ಮಾಡಿಕೊಳ್ಳಬಲ್ಲಳು.

"ಯಾರೋ ಹೋಗ್ಯಾರ," ಎಂದರು ಅಂಬವ್ವ, ಒಲೆ ಸಣ್ಣ ಮಾಡಿ. "ಆಫೀಸಿಗೆ ಸುದ್ದಿ ಬಂದದ. ಅವರ ದೊಡ್ಡಪ್ಪ ರಘೋತ್ತಮರಾಯರು ಅದಾರಲ್ಲ ಮೈಸೂರಾಗ, ಎಂಬತ್ತೆಂಟಾಗಿತ್ತು. ಅವರ ಇರಬೇಕು."

"ಹಂಗಾದ್ರ ನಮಗ ಹೇಳೂದಿಲ್ಲೇನು? ಕೇಳ್ತೀನಿ ತಡಿ."

"ಹುಚ್ಚಿ!" ಅಂಬವ್ವ ಮಗಳ ದಾರಿಗೆ ಅಡ್ಡ ನಿಂತರು. "ಕಿವಿಗೆ ಬಿದ್ದರ ಸೂತಕ ಹತ್ತತದ. ಗೊತ್ತಿಲ್ಲದವರಿಗೆ ಸೂತಕ ಇಲ್ಲ. ನಿನಗ ಹತ್ತಬಾರದು, ಗೃಹಪ್ರವೇಶ ಕೆಡಬಾರದು ಅಂತ ಎಲ್ಲಾ ಎದಿಯೊಳಗ ಇಟಗೊಂಡು ಒಬ್ಬರ ತೊಯ್ಸಿಕೊಳ್ಳಿಕ್ಕೆ ಹತ್ಯಾರ. ದೊಡ್ಡ ಮನಸ್ಸು. ನೀ ಏನೂ ಕೇಳಬ್ಯಾಡ."

ಆನಂದತೀರ್ಥ ಒಳಗೆ ಬಂದ. ಔಷಧಿಯ ವಾಸನೆಗೆ ಅವನ ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು.

"ಪೈಪು ಕೈಜಾರಿತು," ಎಂದ.

ಯಾರೂ ಏನೂ ಕೇಳಲಿಲ್ಲ. ಈ ಕರುಣೆ ಅವನಿಗೆ ವಿಚಿತ್ರವೆನಿಸಿತು. ಊಟಕ್ಕೆ ಕೂತಾಗ ಬದನೆಕಾಯಿ ಎಣ್ಣೆಗಾಯಿಯನ್ನು ನೋಡಿ ಬೆಳಗಿನ ತಟ್ಟೆ ನೆನಪಾಗಿ, ಮುಟ್ಟದೆ ಎದ್ದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಂದಿನ ಶನಿವಾರ ಮತ್ತೆ ಸ್ನಾನ. ಅದರ ಮುಂದಿನ ಶನಿವಾರವೂ. ಅಂಬವ್ವ ಮನಸ್ಸಿನಲ್ಲೇ ವಯಸ್ಸಿನ ಕ್ರಮ ತಪ್ಪದೆ ಒಬ್ಬೊಬ್ಬರನ್ನೇ ಮೇಲಕ್ಕೆ ಕಳಿಸಿಕೊಟ್ಟರು. ಎರಡನೇ ಸ್ನಾನಕ್ಕೆ ರಘೋತ್ತಮರಾಯರ ಹೆಂಡತಿ, ಮೂರನೆಯದಕ್ಕೆ ಅವರ ತಂಗಿ. ಏಪ್ರಿಲ್ ಮುಗಿಯುವಷ್ಟರಲ್ಲಿ ಮೈಸೂರಿನಲ್ಲಿ ಆನಂದತೀರ್ಥನ ಕಡೆ ಎಪ್ಪತ್ತು ದಾಟಿದವರೆಲ್ಲ ಖರ್ಚಾಗಿ, ಅಂಬವ್ವ ಅರವತ್ತರ ಆಸುಪಾಸಿನವರಿಗೆ ಕೈ ಹಾಕಬೇಕಾಯಿತು. ಅಷ್ಟೂ ಜನ ಆ ಹೊತ್ತಿನಲ್ಲಿ ಮೈಸೂರಿನಲ್ಲಿ ಮಾವಿನಕಾಯಿ ಚಿತ್ರಾನ್ನ ತಿಂದುಕೊಂಡು ಆರಾಮವಾಗಿದ್ದರು.

ಇಂಥ ದುಃಖವನ್ನು ನಿರುಪಮಾ ಎಷ್ಟು ದಿನ ಒಬ್ಬಳೇ ಹೊತ್ತಾಳು? ದ್ವಾರಕಾನಾಥರ ಹೆಂಡತಿ ಜಲಜಾಗೆ ಫೋನು ಮಾಡಿ, ಯಾರಿಗೂ ಹೇಳಬೇಡಿ ಎಂದು ಹೇಳಿದಳು. ಜಲಜಾ ಯಾರಿಗೂ ಹೇಳಬೇಡಿ ಎನ್ನುವುದನ್ನೂ ಸೇರಿಸಿಯೇ ಎಲ್ಲರಿಗೂ ಹೇಳಿದಳು. ಹೀಗೆ ಸ್ಯಾನ್ ಹೋಸೆಯಿಂದ ಪ್ಲೆಸೆಂಟನ್ನಿನವರೆಗೆ ಕನ್ನಡದವರೆಲ್ಲ, ಆನಂದತೀರ್ಥನ ವಂಶ ವಾರಕ್ಕೊಂದರಂತೆ ಕರಗುತ್ತಿರುವ ವಿಷಯ ತಮಗೆ ಗೊತ್ತೇ ಇಲ್ಲವೆಂಬಂತೆ ನಡೆದುಕೊಳ್ಳತೊಡಗಿದರು. ಗೊತ್ತಿಲ್ಲದಂತೆ ಇರುವುದು ಎಷ್ಟು ಕಷ್ಟದ ಕೆಲಸವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅವನನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ಜೋಕು ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸುತ್ತಿದ್ದರು.

ತನ್ನ ಕೆಲಸದ ವಿಷಯ ಬಯಲಾಗಿದೆ ಎಂದು ಆನಂದತೀರ್ಥ ತೀರ್ಮಾನಿಸಿದ. ಅನುಮಾನವನ್ನು ಖಚಿತ ಮಾಡಿದವರು ದ್ವಾರಕಾನಾಥರೇ. ಸನಿವೇಲಿನ ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ, ತೊಗರಿಬೇಳೆಯ ಚೀಲಗಳ ನಡುವೆ ಅವನನ್ನು ಹಿಡಿದು ನಿಲ್ಲಿಸಿದರು.

"ಆನಂದತೀರ್ಥ, ನಾನೇನೂ ಕೇಳೋದಿಲ್ಲ. ನೀನೂ ಏನೂ ಹೇಳಬೇಡ."

ಆನಂದತೀರ್ಥ ಕೈಯಲ್ಲಿದ್ದ ಹಿಂಗಿನ ಡಬ್ಬಿಯನ್ನು ಬೇಳೆಯ ಚೀಲದ ಮೇಲಿಟ್ಟ. "ನಿಮಗೆ ಹೇಗೆ ಗೊತ್ತಾಯಿತು ಡಾಕ್ಟ್ರೇ?"

"ನನಗೆ ಗೊತ್ತಿಲ್ಲ! ಏನೇನೂ ಗೊತ್ತಿಲ್ಲ!" ದ್ವಾರಕಾನಾಥರು ಎರಡೂ ಕೈ ಎತ್ತಿದರು. "ಆದ್ರೆ ಒಂದು ಮಾತು. ಇದು ಯಾರಿಗೂ ತಪ್ಪಿದ್ದಲ್ಲ. ಇವತ್ತು ನಿಮ್ಮಲ್ಲಿ, ನಾಳೆ ನಮ್ಮಲ್ಲಿ."

"ನಿಮಗೇನು ಡಾಕ್ಟ್ರೇ, ಆಸ್ಪತ್ರೇಲಿ ಇದೆಲ್ಲ ಎಲ್ಲಿ ಆಗುತ್ತೆ?"

ದ್ವಾರಕಾನಾಥರು ಅವನನ್ನು ಕನಿಕರದಿಂದ ನೋಡಿದರು. ದುಃಖಕ್ಕೆ ಬುದ್ಧಿ ಸ್ವಲ್ಪ ಪಕ್ಕಕ್ಕೆ ಸರಿದಿದೆ ಎಂದುಕೊಂಡರು. "ಮಿಕ್ಕವರಾದ್ರೂ ಚೆನ್ನಾಗಿದ್ದಾರಾ?"

"ಜೂನ್ ಹೊತ್ತಿಗೆ ಒಬ್ಬರೂ ಉಳಿಯೋದಿಲ್ಲವಂತೆ."

"ಅಯ್ಯೋ! ಯಾರಯ್ಯಾ ಹಾಗಂದಿದ್ದು?"

"ಫ್ರ್ಯಾಂಕು."

ಫ್ರ್ಯಾಂಕು ಯಾರೋ ಅಮೆರಿಕನ್ ಜ್ಯೋತಿಷಿ ಇರಬೇಕು, ಆನಂದತೀರ್ಥ ಹತಾಶನಾಗಿ ಅಂಥವರ ಹತ್ತಿರವೂ ಹೋಗಿದ್ದಾನೆ ಎಂದು ದ್ವಾರಕಾನಾಥರು ಅಂದೇ ಹೆಂಡತಿಗೆ ಹೇಳಿದರು. ಮರುದಿನದೊಳಗೆ, ಜೂನಿನಲ್ಲಿ ಉಳಿದವರೆಲ್ಲ ಒಟ್ಟಿಗೇ ಹೋಗುತ್ತಾರೆಂಬ ಸುದ್ದಿ ಫ್ರೀವೇಯ ಎರಡೂ ಬದಿಗೆ ಹರಡಿತ್ತು.

ಇದರಿಂದ ಹೆಚ್ಚು ಕಂಗೆಟ್ಟವರು ವ್ಯಾಸರಾಜಾಚಾರ್ಯರು. ವಾರದ ದಿನಗಳಲ್ಲಿ ಕಾರುಗಳಿಗೆ ಇನ್ಶೂರೆನ್ಸ್ ಮಾರುತ್ತ, ಶನಿವಾರ ಭಾನುವಾರ ಪಂಚೆಯುಟ್ಟು ಕನ್ನಡದವರ ಮನೆಗಳಲ್ಲಿ ಪೂಜೆ ಮಾಡಿಸುತ್ತಿದ್ದವರು. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟುಕೊಟ್ಟಿದ್ದವರೂ ಅವರೇ. ನಿರುಪಮಾಗೆ ಫೋನು ಮಾಡಿದರು.

"ನೋಡಮ್ಮಾ, ಒಂದು ಸೂತಕ ಆದ್ರೆ ಲೆಕ್ಕ ಹಾಕ್ಬಹುದು. ಒಂದರೊಳಗೆ ಇನ್ನೊಂದು ಬಂದ್ರೂ ಶಾಸ್ತ್ರದಲ್ಲಿ ದಾರಿ ಇದೆ. ಹೀಗೆ ಮಾರಿಗೆ ಸಿಕ್ಕ ಹಾಗೆ ಹೋಗ್ತಾ ಇದ್ರೆ ನಾನು ಎಲ್ಲಿ ಶುದ್ಧಿ ಮಾಡಿಸಲಿ, ಎಲ್ಲಿ ಮುಹೂರ್ತ ಇಡಲಿ? ಯಾರು ಹೋದ್ರು, ಯಾವಾಗ ಹೋದ್ರು, ಬಾಯಿಬಿಟ್ಟು ಕೇಳಲೇಬೇಕು."

"ಕೇಳಿದ್ರೆ ಸೂತಕ ಹತ್ತುತ್ತೆ ಅಂತಾರೆ ಅವ್ವ."

"ಎಲ್ಲಾ ಒಟ್ಟಿಗೇ ಹತ್ತಲಿ. ಒಟ್ಟಿಗೇ ತೊಳ್ಕೊಳ್ಳೋಣ."

ಅಂತೂ ಮೇ ತಿಂಗಳ ಒಂದು ಶನಿವಾರ ದ್ವಾರಕಾನಾಥರು, ಜಲಜಾ, ಆಚಾರ್ಯರು ಮೂವರೂ ಬಂದು ಅಡುಗೆಮನೆಯಲ್ಲಿ ಕಾದು ನಿಂತರು. ಆನಂದತೀರ್ಥ ಎಂದಿನಂತೆ ಪಕ್ಕದ ಗೇಟಿನಿಂದ ಬಂದ, ಪೈಪು ಹಿಡಿದ, ಕಣ್ಣು ಮುಚ್ಚಿ ತಲೆಗೆ ನೀರು ಬಿಟ್ಟುಕೊಂಡ. ಕಣ್ಣು ತೆರೆದರೆ ಕಿಟಕಿಯ ಗಾಜಿಗೆ ಐದು ಮುಖಗಳು ಸಾಲಾಗಿ ಅಂಟಿಕೊಂಡಿದ್ದವು.

ನೀರು ಸೋರುತ್ತಲೇ ಅವನನ್ನು ಒಳಗೆ ಕರೆದರು. ಎಲ್ಲ ತಿಳಿದೇ ಬಂದಿದ್ದಾರೆ, ಇನ್ನು ಮುಚ್ಚಿ ಫಲವಿಲ್ಲ ಎಂದುಕೊಂಡು ಆನಂದತೀರ್ಥ ತಲೆ ತಗ್ಗಿಸಿ ನಿಂತ.

ಆಚಾರ್ಯರು ಗಂಟಲು ಸರಿಪಡಿಸಿಕೊಂಡರು. "ಇವತ್ತು... ಯಾವುದು?"

ವ್ಯಕ್ತಿಯ ಹೆಸರು ಕೇಳಲು ಅವರಿಗೆ ನಾಲಗೆ ಏಳಲಿಲ್ಲ.

"ಇವತ್ತು ಕರುಳು," ಎಂದ ಆನಂದತೀರ್ಥ.

ಜಲಜಾ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಹೋದ ವಾರ?"

"ಹೃದಯ. ಅದರ ಹಿಂದಿನ ವಾರ ಶ್ವಾಸಕೋಶ."

"ಹೃದಯ ಅಂದ್ರೆ ನನ್ನನ್ನ ಒಂದು ಮಾತು ಕೇಳಬಾರದಿತ್ತೇನಯ್ಯಾ?" ದ್ವಾರಕಾನಾಥರಿಗೆ ವೃತ್ತಿಯ ಅಭಿಮಾನ ಕೆರಳಿತು. "ಯಾವ ಆಸ್ಪತ್ರೇಲಿ ಇಟ್ಟಿದ್ರು?"

"ಆಸ್ಪತ್ರೆ ಅಲ್ಲ ಡಾಕ್ಟ್ರೇ, ಕಾಲೇಜಿನಲ್ಲಿ. ಫ್ರಿಜ್ಜಿನಲ್ಲಿ ಇಟ್ಟಿರ್ತಾರೆ. ಶನಿವಾರ ತೆಗೆದು ಕೊಡ್ತಾರೆ, ನಾನೂ ಬ್ರೆಂಡಾನೂ ಕೊಯ್ತೀವಿ."

ಎಲ್ಲರೂ ಒಮ್ಮೆ ಅಡುಗೆಮನೆಯ ಫ್ರಿಜ್ಜಿನ ಕಡೆ ನೋಡಿದರು.

"ರಘೋತ್ತಮರಾಯರನ್ನ?" ಎಂದರು ಅಂಬವ್ವ, ಕುಸಿಯುವ ದನಿಯಲ್ಲಿ.

"ದೊಡ್ಡಪ್ಪನನ್ನ ಯಾಕೆ ಕೊಯ್ಲಿ ಅತ್ತೆ? ಬೆಕ್ಕು, ಬೆಕ್ಕು!"

ದೊಡ್ಡಪ್ಪ ಬದುಕಿದ ಸಂತೋಷ ಒಂದು ಕ್ಷಣವೂ ಉಳಿಯಲಿಲ್ಲ. ಅಂಬವ್ವ ಮೈಲಿಗೆ ತಾಗದಂತೆ ಸೆರಗು ಎಳೆದುಕೊಂಡರು. "ಬೆಕ್ಕ ಕೊಂದೀರೇನು? ಬಂಗಾರದ ಬೆಕ್ಕ ಮಾಡಿಸಿ ದಾನಾ ಕೊಟ್ಟರೂ ಹೋಗೂದಿಲ್ಲ ಈ ಪಾಪ!"

"ನಾನು ಕೊಂದಿಲ್ಲ. ಯಾರೋ ಕೊಂದು, ಔಷಧಿಯಲ್ಲಿ ಅದ್ದಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸ್ತಾರೆ."

ಎಲ್ಲರೂ ಆಚಾರ್ಯರ ಮುಖ ನೋಡಿದರು. ಧರ್ಮಶಾಸ್ತ್ರದಲ್ಲಿ ದಾರಿ ಸಿಗದಿದ್ದಾಗ ಅವರು ವಾರದ ದಿನಗಳ ಇನ್ಶೂರೆನ್ಸ್ ಶಾಸ್ತ್ರಕ್ಕೆ ಹೋಗುವವರು.

"ಗುದ್ದಿದವನ ಮೇಲೆ ಹೊಣೆ," ಎಂದರು. "ಆಮೇಲೆ ಆ ಕಾರನ್ನ ಬಿಚ್ಚಿ ನೋಡಿದ ಮೆಕ್ಯಾನಿಕ್ ಮೇಲಲ್ಲ. ಮುಟ್ಟಿದ್ದಕ್ಕೆ ಸ್ನಾನ ಸಾಕು. ಅದನ್ನ ಮಾಡ್ಕೊಂಡಿದ್ದಾನೆ. ಬಂಗಾರ ಬೇಡ."

ಎಲ್ಲರೂ ಉಸಿರು ಬಿಟ್ಟರು. ದ್ವಾರಕಾನಾಥರಿಗೆ ನಗು ಬರತೊಡಗಿತ್ತು. ಆಗ ನಿರುಪಮಾ, ಅಲ್ಲಿಯವರೆಗೂ ಒಂದು ಮಾತೂ ಆಡದಿದ್ದವಳು, ಕೇಳಿದಳು.

"ರೀ, ಮ್ಯಾನೇಜರ್ ಆಗೋರು ಬೆಕ್ಕು ಯಾಕೆ ಕೊಯ್ಬೇಕು?"

ಆನಂದತೀರ್ಥನ ಟೈಯ ತುದಿಯಿಂದ ನೀರು ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ದ್ವಾರಕಾನಾಥರು ನಗುವುದನ್ನು ನಿಲ್ಲಿಸಿ ತಮ್ಮ ಬೂಟು ನೋಡಿಕೊಂಡರು. ಜಲಜಾ ಇಲ್ಲದ ಕೊಳೆಯೊಂದನ್ನು ಕಟ್ಟೆಯ ಮೇಲಿಂದ ಒರೆಸಿದಳು.

"ಮ್ಯಾನೇಜರ್ ಇಲ್ಲ," ಎಂದ ಅವನು. "ಜೂನಿನಲ್ಲಿ ನಮ್ಮ ಸೆಕ್ಷನ್ನು ಮುಚ್ತಾರೆ. ಈ ಪರೀಕ್ಷೆ ಪಾಸಾದ್ರೆ ಇನ್ನೊಂದು ಕಡೆ ಕೆಲಸ ಇದೆ. ಇಲ್ಲದಿದ್ರೆ ಇಲ್ಲ. ಮನೆಯೂ ಇಲ್ಲ."

"ಪಾಸಾಗ್ತೀರಾ?"

"ಮಧ್ಯದ ಪರೀಕ್ಷೆಯಲ್ಲಿ ಫೇಲಾಗಿದ್ದೀನಿ."

ಸಾವಿನ ಮನೆಗೆ ಹೇಗೆ ಬರಬೇಕೆಂದು ತಿಳಿದು ಬಂದಿದ್ದ ಮೂವರಿಗೂ, ಬದುಕಿರುವ ಮನುಷ್ಯನಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಒಬ್ಬೊಬ್ಬರಾಗಿ ಕಾರಿನ ಕೀಲಿ ಹುಡುಕತೊಡಗಿದರು. ಅಂಬವ್ವ ಮಾತ್ರ ಅಳಿಯನ ಕಡೆ ತಿರುಗಿದರು.

"ಏನು ಓದೂದದ, ಪುಸ್ತಕಾ ತರ್ರಿ."

"ಇಂಗ್ಲಿಷಿನಲ್ಲಿದೆ ಅತ್ತೆ."

"ನನಗ ಇಂಗ್ಲಿಷ್ ಬರೂದಿಲ್ಲ. ನಿಮಗ ಬಾಯಿಪಾಠ ಬರೂದಿಲ್ಲ. ನಾಲ್ಕು ಮಕ್ಕಳಿಗೆ ಸ್ತೋತ್ರಾ ಕಲಿಸೇನಿ, ನಿಮಗ ಕಲಿಸೂದು ಆಗೂದಿಲ್ಲೇನು? ತರ್ರಿ."

ಮರುದಿನದಿಂದ ಪಾಠ ಶುರುವಾಯಿತು. ಬೆಕ್ಕಿನ ವಾಸನೆ ಹತ್ತಿದ ಪುಸ್ತಕವನ್ನು ಅಂಬವ್ವ ಮುಟ್ಟುವಂತಿರಲಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟು, ಸೌಟಿನ ಹಿಡಿಯಿಂದ ಚಿತ್ರಗಳನ್ನು ತೋರಿಸಿ ಕೇಳುತ್ತಿದ್ದರು. ಹೆಸರು ಓದಲು ಬಾರದ್ದರಿಂದ ತಮಗೆ ತೋಚಿದ ಗುರುತು ಇಟ್ಟುಕೊಂಡಿದ್ದರು.

"ಈ ಗೋಡಂಬಿ ಯಾವುದು?"

"ಕಿಡ್ನಿ."

"ಈ ವಣಗಿದ ಹೀರಿಕಾಯಿ?"

"ಪ್ಯಾಂಕ್ರಿಯಾಸು... ಅಲ್ಲ, ಸ್ಪ್ಲೀನು..."

"ಒಂದು ಅನ್ರಿ! ದೇವರ ಮುಂದ ಎರಡೆರಡು ಹೆಸರು ಹೇಳತೀರೇನು?"

ಎಲ್ಲಕ್ಕಿಂತ ಕಷ್ಟವಾದದ್ದು ಮಿದುಳಿನಿಂದ ಹೊರಡುವ ಹನ್ನೆರಡು ನರಗಳು. ಎಷ್ಟು ಸಲ ಉರುಹೊಡೆದರೂ ನಾಲ್ಕನೆಯದರ ಮೇಲೆ ಏಳನೆಯದು ಬಂದು ಕೂರುತ್ತಿತ್ತು. ಅಂಬವ್ವ ಹನ್ನೆರಡು ಎಂಬ ಲೆಕ್ಕ ಕೇಳಿದವರೇ ಸೌಟು ಕೆಳಗಿಟ್ಟರು.

"ದಿನಾ ಮುಂಜಾನೆ ದ್ವಾದಶನಾಮ ಹಚ್ಚಿಕೊಳ್ತೀರಲ್ಲ, ಅದು ತಪ್ಪತದೇನು?"

ತಪ್ಪುತ್ತಿರಲಿಲ್ಲ. ಸ್ನಾನವಾದ ಮೇಲೆ ಗೋಪೀಚಂದನದಲ್ಲಿ ಹಣೆ, ಹೊಟ್ಟೆ, ಎದೆ ಎಂದು ಮೈಯ ಹನ್ನೆರಡು ಕಡೆ ಹನ್ನೆರಡು ಹೆಸರು ಹೇಳಿ ನಾಮ ಇಡುವುದು ಉಪನಯನದಿಂದ ಬಂದ ಅಭ್ಯಾಸ. ಅರೆನಿದ್ದೆಯಲ್ಲೂ ಕೈ ತಾನಾಗಿ ಓಡುತ್ತಿತ್ತು.

"ಹಂಗಾದ್ರ ಒಂದೊಂದು ನಾಮಕ್ಕ ಒಂದೊಂದು ನರ. ಕೇಶವ?"

"ಆಲ್‌ಫ್ಯಾಕ್ಟರಿ," ಎಂದ ಆನಂದತೀರ್ಥ, ಹಣೆ ಮುಟ್ಟಿಕೊಂಡು.

"ನಾರಾಯಣ?"

"ಆಪ್ಟಿಕ್."

"ಮಾಧವ?"

"ಆಕ್ಯುಲೋಮೋಟರ್."

ಕೊನೆಯ ದಾಮೋದರ ಮುಟ್ಟುವವರೆಗೂ ಒಂದೂ ತಪ್ಪಲಿಲ್ಲ. ನಿರುಪಮಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಮೊದಲ ಸಲ ನಕ್ಕಳು. ನಕ್ಕದ್ದು ಕಾಣಬಾರದೆಂದು ಒಳಗೆ ಹೋದಳು. ಮ್ಯಾನೇಜರಿನ ವಿಷಯಕ್ಕೆ ಅವಳ ಲೆಕ್ಕ ಇನ್ನೂ ಚುಕ್ತಾ ಆಗಿರಲಿಲ್ಲ.

ಪರೀಕ್ಷೆಯ ದಿನ ಲ್ಯಾಬಿನಲ್ಲಿ ಮೇಜಿನಿಂದ ಮೇಜಿಗೆ ಸಾಗುತ್ತ, ಗುಂಡುಸೂಜಿ ಚುಚ್ಚಿದ ಭಾಗದ ಹೆಸರು ಬರೆಯಬೇಕು. ಒಂದೆರಡು ಮೇಜುಗಳಲ್ಲಿ ಗೋಡಂಬಿ, ಹೀರೇಕಾಯಿಗಳೇ ಕಣ್ಣ ಮುಂದೆ ಬಂದು ಇಂಗ್ಲಿಷ್ ಹೆಸರುಗಳಿಗೆ ದಾರಿ ಬಿಡದೆ ಸತಾಯಿಸಿದವು. ನರಗಳ ಮೇಜಿಗೆ ಬಂದಾಗ ಮಾತ್ರ ಆನಂದತೀರ್ಥ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ, ಬಲಗೈ ಬೆರಳಿನಿಂದ ಹಣೆ, ಹೊಟ್ಟೆ, ಎದೆ, ಕಂಠ ಮುಟ್ಟಿಕೊಳ್ಳತೊಡಗಿದ.

"ಆ್ಯಂಡಿ, ಮೈಯಲ್ಲಿ ಹುಷಾರಿಲ್ಲವೇ?" ಎಂದು ಮಿಸೆಸ್ ಲಿಂಡ್‌ಕ್ವಿಸ್ಟ್ ಹತ್ತಿರ ಬಂದಳು.

"ಹೃಷೀಕೇಶ," ಎಂದ ಅವನು. "ಅಂದರೆ, ಹತ್ತನೇ ನರ, ವೇಗಸ್."

ಅವಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

ಹತ್ತು ದಿನಕ್ಕೆ ಫಲಿತಾಂಶ ಬಂತು. 'ಸಿ'. ಮಿಸೆಸ್ ಲಿಂಡ್‌ಕ್ವಿಸ್ಟ್ ಒಂದು ಕರುಳು ಕಡಿಮೆ ಕರುಣಾಳುವಾಗಿದ್ದರೆ ಅದೂ ಬರುತ್ತಿರಲಿಲ್ಲ. ಫ್ರ್ಯಾಂಕು ಕೈ ಕುಲುಕಿ ಹೊಸ ವಿಭಾಗಕ್ಕೆ ಕಳಿಸಿದ. ಬ್ಯಾಂಕಿನವರು ಫೋನು ಮಾಡಿ, ಇದ್ದಾನೆ ಎಂದು ಕೇಳಿಸಿಕೊಂಡು, ಫೋನು ಇಟ್ಟರು. ಕೀಲಿ ಬಂತು.

ಮಾರ್ಗನ್ ಹಿಲ್ ಮನೆಯಲ್ಲಿ ಆಷಾಢಕ್ಕೆ ಮುಂಚೆ ಹಾಲು ಉಕ್ಕಿತು. ಹೋಮದ ಹೊಗೆಗೆ ಎಲ್ಲ ಕೋಣೆಗಳ ಅಲಾರಮ್ಮುಗಳೂ ಒಟ್ಟಿಗೆ ಕೂಗಿಕೊಂಡು, ಆಚಾರ್ಯರು ಪೂರ್ಣಾಹುತಿಯನ್ನು ಅವುಗಳ ಮೇಲೆ ಕಿರುಚಿಯೇ ಮುಗಿಸಬೇಕಾಯಿತು. ಆಮೇಲೆ ಊಟ. ಪೇಪರ್ ತಟ್ಟೆ ಹಿಡಿದು ಜನ ಗೋಡೆಯುದ್ದಕ್ಕೂ ನಿಂತಿದ್ದರು. ಸಂಕ್ರಾಂತಿಯಲ್ಲಿ ಕಂಡಿದ್ದವರೆಲ್ಲ ಅಲ್ಲಿದ್ದರು. ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರಿನ ಕಥೆಯೂ ಗೊತ್ತಿತ್ತು. ಆನಂದತೀರ್ಥ ಬಡಿಸುವ ನೆಪದಲ್ಲಿ ಯಾರ ಕಣ್ಣಿಗೂ ಕಣ್ಣು ಕೊಡದೆ ಓಡಾಡುತ್ತಿದ್ದ.

ಅಂಬವ್ವ ಚಿರೋಟಿಯ ಬುಟ್ಟಿ ಹಿಡಿದು ನಡುಮನೆಗೆ ಬಂದರು.

"ಎಲ್ಲಾರೂ ಇನ್ನೊಂದು ಹಾಕಿಸ್ಕೋರಿ. ಮನಿದಷ್ಟ ಅಲ್ಲ, ನಮ್ಮ ಅಳಿಯಂದ್ರು ಪಾಸಾದದ್ದಕ್ಕೂ ಸೇರಿಸಿ ಮಾಡೇನಿ."

"ಹೌದಾ? ಎಷ್ಟು ಬಂತಂತೆ ಅಂಬವ್ವನೋರೇ?" ಎಂದಳು ಜಲಜಾ, ದನಿಯಲ್ಲಿ ಬೇಕಷ್ಟು ಮುಗ್ಧತೆ ತಂದುಕೊಂಡು.

"ಸಿ ಬಂದದ," ಎಂದರು ಅಂಬವ್ವ, ಎಲ್ಲರಿಗೂ ಕೇಳುವ ಹಾಗೆ. "ಎ ಮೊದಲನೇದು, ಬಿ ಎರಡನೇದು, ಸಿ ಮೂರನೇದು. ಇಡೀ ಕಾಲೇಜಿನೊಳಗ ಮೂರನೇ ನಂಬರು! ಅಮೇರಿಕದ ಹುಡುಗ್ರನೆಲ್ಲಾ ಹಿಂದ ಹಾಕ್ಯಾರ. ಧಾರವಾಡಕ್ಕ ಬರದ ಹಾಕೇನಿ."

ಆ ಕೋಣೆಯಲ್ಲಿದ್ದವರೆಲ್ಲ ಅಮೆರಿಕದ ಕಾಲೇಜಿನಲ್ಲಿ ಓದಿದವರು, ಇಲ್ಲವೇ ಓದುವ ಮಕ್ಕಳನ್ನು ಸಾಕುತ್ತಿದ್ದವರು; 'ಸಿ' ಎಂದರೆ ಹೇಗೋ ದಡ ಮುಟ್ಟಿದ ಪಾಸು ಎಂದು ತಿಳಿಯದವರು ಅಂಬವ್ವನವರ ಹೊರತು ಒಬ್ಬರೂ ಇರಲಿಲ್ಲ. ಎಲ್ಲರೂ ದ್ವಾರಕಾನಾಥರ ಕಡೆ ತಿರುಗಿದರು. ಇಂಥ ಸಂದರ್ಭಕ್ಕಾಗಿಯೇ ಹುಟ್ಟಿದವರಂತೆ ದ್ವಾರಕಾನಾಥರು ಚಮಚ ಕೆಳಗಿಟ್ಟು, ತುಟಿ ಒರೆಸಿಕೊಂಡು, ಬಾಯಿ ತೆರೆದರು.

"ನಿಮ್ಮ ಡಾಕ್ಟರ್ ಪರೀಕ್ಷಾದಾಗ ನಿಮಗ ಎಷ್ಟನೇ ನಂಬರ್ ಬಂದಿತ್ರೀ?" ಎಂದು ಕೇಳಿದರು ಅಂಬವ್ವ, ನಿಜವಾದ ಕುತೂಹಲದಿಂದ.

ದ್ವಾರಕಾನಾಥರು ಅಂಗರಚನೆಯ ಪರೀಕ್ಷೆಗೆ ಮೂರು ಸಲ ಕಟ್ಟಿದವರು. ಅದು ಜಲಜಾಗೆ ಮಾತ್ರ ಗೊತ್ತಿತ್ತು. ಜಲಜಾ ತಟ್ಟೆಯಲ್ಲಿದ್ದ ಕೋಸಂಬರಿಯನ್ನು ಗಮನವಿಟ್ಟು ನೋಡತೊಡಗಿದಳು.

"ಚಿರೋಟಿ ತುಂಬಾ ಗರಿಗರಿಯಾಗಿದೆ," ಎಂದರು ದ್ವಾರಕಾನಾಥರು. "ಇನ್ನೊಂದು ಹಾಕಿ."

"ಥರ್ಡ್ ರ‍್ಯಾಂಕು ಅಂದ್ರೆ ಸಾಮಾನ್ಯವಾ?" ಎಂದರು ಆಚಾರ್ಯರು ತಕ್ಷಣ, ಕೂತಲ್ಲಿಂದಲೇ ಕಾಲು ಚಾಚಿ. "ಆನಂದತೀರ್ಥ, ಇಲ್ಲಿ ಬಾರಪ್ಪ. ಈ ಮಂಡಿ ಸ್ವಲ್ಪ ನೋಡು. ಹೋಮಕ್ಕೆ ಕೂತು ಎದ್ರೆ ಕಟಕ್ ಅನ್ನುತ್ತೆ."

ಆನಂದತೀರ್ಥ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಈಗ ಹೇಳಬೇಕು, ಇನ್ನು ಸುಳ್ಳು ಬೇಡ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಬಾಯಿ ತೆರೆದ. ಅಷ್ಟರಲ್ಲಿ ಕೋಣೆಯ ಆಚೆ ಬದಿಯಿಂದ ನಿರುಪಮಾ ಅವನನ್ನೇ ನೋಡುತ್ತಿದ್ದುದು ಕಾಣಿಸಿತು. ಅವಳು ಪಕ್ಕದಲ್ಲಿ ನಿಂತ ತಾಯಿಯ ಮುಖವನ್ನು ಒಮ್ಮೆ ನೋಡಿ, ಮತ್ತೆ ಗಂಡನ ಕಡೆ ತಿರುಗಿ, ತಲೆಯನ್ನು ಬಹಳ ಸಣ್ಣಗೆ ಅಡ್ಡಡ್ಡ ಅಲ್ಲಾಡಿಸಿದಳು.

ಮನುಷ್ಯನ ದವಡೆಯನ್ನು ಮುಚ್ಚುವ ಸ್ನಾಯುವಿನ ಹೆಸರು ಮ್ಯಾಸೆಟರ್. ಪರೀಕ್ಷೆಯಲ್ಲಿ ಎಷ್ಟು ತಿಣುಕಿದರೂ ಅದು ಅವನಿಗೆ ನೆನಪಾಗಿರಲಿಲ್ಲ. ಈಗ ನೆನಪಾಯಿತು.